ಬೀರುವಿನಿಂದ ಶುರು ಮಾಡಿ: ಸಭೆಯ ಯುವಕೂಟಕ್ಕೆ ಕಡಿಮೆ ಖರ್ಚಿನ ಸಾಮಗ್ರಿ

(ಕ್ರೈಸ್ತ ಸಭೆಗಳಲ್ಲಿ ಯುವಕೂಟ ನಡೆಸುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸಹೋದರ ಸಹೋದರಿಯರೇ, ವಂದನೆಗಳು.

ಭಾನುವಾರ ಆರಾಧನೆ ಮುಗಿದ ಮೇಲೆ ಹದಿನೈದು ಇಪ್ಪತ್ತು ಮಂದಿ ಹುಡುಗ ಹುಡುಗಿಯರು ಹಿಂದಿನ ಬೆಂಚುಗಳಲ್ಲಿ ಉಳಿದುಕೊಳ್ಳುತ್ತಾರೆ. ಮುಂದಿನ ಒಂದೂವರೆ ಗಂಟೆ ಅವರನ್ನು ನೋಡಿಕೊಳ್ಳುವವರು ನೀವು. ಸಭಾ ಸಮಿತಿ ಕೊಡುವ ಹಣ ಕ್ರಿಸ್‌ಮಸ್ ಕಾರ್ಯಕ್ರಮಕ್ಕೇ ಮುಗಿದುಹೋಗುತ್ತದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಪಾಠಮಾಲೆಗಳ ಬೆಲೆ ಡಾಲರಿನಲ್ಲಿದೆ. ಅವುಗಳ ಉದಾಹರಣೆಗಳು ಅಮೆರಿಕದ ಹೈಸ್ಕೂಲಿನವು, ಆಟಗಳಿಗೆ ಬೇಕಾಗುವ ಸಾಮಾನು ನಮ್ಮ ಪೇಟೆಯಲ್ಲಿ ಸಿಗುವುದಿಲ್ಲ. ದುಡ್ಡು ಕೊಟ್ಟು ತಂದರೂ ಅರ್ಧ ಪಾಠವನ್ನು ಮತ್ತೆ ನೀವೇ ಕನ್ನಡಕ್ಕೆ ಒಗ್ಗಿಸಬೇಕು.

ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದು: ಯುವಕೂಟದ ಖರ್ಚು ಏರುವುದು ಶನಿವಾರ ರಾತ್ರಿ. ನಾಳೆಗೆ ಏನು ಎಂದು ಆಗ ಯೋಚಿಸಿದರೆ ಎಲ್ಲವನ್ನೂ ಅಂಗಡಿಯಿಂದಲೇ ತರಬೇಕಾಗುತ್ತದೆ. ಮೂರು ತಿಂಗಳು ಮುಂಚೆ ಕೂತು ಬರೆದುಕೊಂಡವರಿಗೆ ಬೇಕಾದದ್ದರಲ್ಲಿ ಹೆಚ್ಚಿನ ಪಾಲು ಸಭೆಯ ಆವರಣದಲ್ಲೇ ಸಿಗುತ್ತದೆ.

ಮೊದಲು ಬೀರು ತೆಗೆಯಿರಿ. ಹಳೆಯ ಸಭೆಗಳ ವೆಸ್ಟ್ರಿಯಲ್ಲಿ, ಅಂದರೆ ಆರಾಧನೆಯ ಸಾಮಾನು ಇಡುವ ಕೋಣೆಯಲ್ಲಿ, ಬೀಗ ಹಾಕಿದ ಬೀರು ಒಂದಾದರೂ ಇರುತ್ತದೆ. ಒಳಗೆ ಹಿಂದಿನ ವಿ.ಬಿ.ಎಸ್.ನ (ರಜೆಯ ಬೈಬಲ್ ಶಾಲೆಯ) ಚಿತ್ರಪಟಗಳು, ಚಿತ್ರ ಅಂಟಿಸಿ ಕತೆ ಹೇಳುವ ಫ್ಲಾನಲ್ ಬೋರ್ಡು, ಕ್ರಿಸ್‌ಮಸ್ ಗೋದಲಿಯ ಬೊಂಬೆಗಳು, ಕುರುಬರ ವೇಷದ ಶಾಲುಗಳು, ಕೀರ್ತನೆ ಪುಸ್ತಕದ ಹಳೆಯ ಪ್ರತಿಗಳು, ಗಾಳಿ ಸೋರುವ ಹಾರ್ಮೋನಿಯಂ. ಇಬ್ಬರು ಹುಡುಗರನ್ನು ಕೂರಿಸಿ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿಸಿ: ವಸ್ತು, ಎಷ್ಟು, ಯಾವ ಸ್ಥಿತಿ, ಈಗ ಯಾರ ಹತ್ತಿರ ಇದೆ. ನಾಲ್ಕನೆಯ ಕಾಲಂ ಮರೆಯಬೇಡಿ. ಸಭೆಯ ಸಾಮಾನು ಕಳೆಯುವುದು ಅಪರೂಪ, ಯಾರದೋ ಮನೆಯ ಅಟ್ಟ ಸೇರಿ ಮರೆತುಹೋಗುವುದೇ ಹೆಚ್ಚು.

ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಜನರ ಪಟ್ಟಿ ಬರೆಯಿರಿ. ಸಭೆಯಲ್ಲಿ ಟೈಲರ್ ಯಾರು, ಕರೆಂಟಿನ ಕೆಲಸ ಬಲ್ಲವರು ಯಾರು, ನರ್ಸ್ ಯಾರು, ಪ್ರೆಸ್ಸಿನಲ್ಲಿ ಕೆಲಸ ಮಾಡುವವರು ಯಾರು, ನಿವೃತ್ತ ಕನ್ನಡ ಮೇಷ್ಟ್ರು ಇದ್ದಾರೆಯೇ. ಅವರಿಂದ ಹಣ ಕೇಳಬೇಡಿ, ವರ್ಷಕ್ಕೆ ಒಂದು ಭಾನುವಾರದ ಒಂದು ಗಂಟೆ ಕೇಳಿ. ನರ್ಸ್ ಒಬ್ಬರು ಬಂದು ಸುಟ್ಟ ಗಾಯಕ್ಕೆ, ಹಾವು ಕಚ್ಚಿದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ತೋರಿಸಿಕೊಟ್ಟರೆ ಆ ಕೂಟವನ್ನು ಮಕ್ಕಳು ಬಹಳ ಕಾಲ ನೆನಪಿಡುತ್ತಾರೆ.

ಇನ್ನು ಮೂರು ತಿಂಗಳ ಹಾಳೆ. ಮೂರು ತಿಂಗಳಲ್ಲಿ ಸುಮಾರು 13 ಭಾನುವಾರ ಬರುತ್ತವೆ. ತಿಂಗಳಲ್ಲಿ ಒಂದು ವಾರ ಸತ್ಯವೇದ ಅಧ್ಯಯನ, ಒಂದು ವಾರ ಹಾಡು ಮತ್ತು ಪ್ರಾರ್ಥನೆ, ಒಂದು ವಾರ ಆಟ ಅಥವಾ ಕೈಕೆಲಸ, ಒಂದು ವಾರ ಹೊರಗೆ ಹೋಗಿ ಮಾಡುವ ಸೇವೆ. ಐದನೆಯ ಭಾನುವಾರ ಬಂದರೆ ಪಕ್ಕದ ಸಭೆಯ ಜೊತೆ ಸೇರಿ. ಹಾಳೆ ತುಂಬಿಸುವ ಮುಂಚೆ ಊರಿನ ಕೆಲಸದ ಕಾಲವನ್ನು ಅದರ ಮೇಲೆ ಗುರುತು ಹಾಕಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳು ಫೆಬ್ರವರಿ ಮಾರ್ಚಿನಲ್ಲಿ ಬರುವುದಿಲ್ಲ. ಕೊಡಗು, ಚಿಕ್ಕಮಗಳೂರು ಕಡೆ ಡಿಸೆಂಬರ್ ಜನವರಿ ಎಂದರೆ ಕಾಫಿ ಕೊಯ್ಲು. ಬಯಲುಸೀಮೆಯಲ್ಲಿ ರಾಗಿ ಕೊಯ್ಲು ಅದಕ್ಕೂ ಸ್ವಲ್ಪ ಮುಂಚೆ. ಆ ವಾರಗಳಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟು, ಮೂವತ್ತು ಮಂದಿಗೆ ತಿಂಡಿ ಮಾಡಿಸಿ, ಹನ್ನೊಂದು ಮಂದಿ ಬಂದರೆ ಹಣದ ಜೊತೆ ಉತ್ಸಾಹವೂ ಹೋಗುತ್ತದೆ.

ಲೆಕ್ಕದ ಒಂದು ಮಾದರಿ. ಹೆಸರು ಕೊಟ್ಟವರು 25 ಮಂದಿ, ವಾರಕ್ಕೆ ತಲೆಗೆ 10 ರೂಪಾಯಿ ಅಂದುಕೊಳ್ಳಿ. 13 ವಾರಕ್ಕೆ 3,250 ರೂಪಾಯಿ ಬರಬೇಕು. ಅದನ್ನು ನಂಬಿ ಖರ್ಚು ಹಾಕಬೇಡಿ. ಸರಾಸರಿ 18 ಮಂದಿ ಬರುತ್ತಾರೆ ಎಂದು ಹಿಡಿದರೆ ಕೈಗೆ ಬರುವುದು 2,340. ಅದರಲ್ಲಿ ಇಬ್ಬರಿಗೆ ಒಂದರಂತೆ ವಾರಕ್ಕೆ 9 ಹಾಳೆ ಜೆರಾಕ್ಸ್, ಹಾಳೆಗೆ 2 ರೂಪಾಯಿಯಂತೆ 234. ತಿಂಗಳಿಗೊಮ್ಮೆ ಚಹಾ ಬಿಸ್ಕತ್ತು, ಸಲಕ್ಕೆ 250ರಂತೆ 750. ಆಟದ ಸಾಮಾನು 300, ಕೈಕೆಲಸಕ್ಕೆ 400, ಭೇಟಿಗೆ ಹೋಗುವ ಬಸ್ಸಿಗೆ 500. ಒಟ್ಟು 2,184. ಉಳಿಯುವುದು 156. ನಿಮ್ಮೂರಿನ ದರ ಹಾಕಿಕೊಂಡು ಲೆಕ್ಕ ಬದಲಿಸಿಕೊಳ್ಳಿ, ಆದರೆ ಬರುವವರ ಸಂಖ್ಯೆಯನ್ನು ಕಡಿಮೆಯೇ ಹಿಡಿಯಿರಿ. ಕಾಣಿಕೆ ಡಬ್ಬಿಯನ್ನು ಬಾಗಿಲ ಹತ್ತಿರ ಇಡಿ, ಕೈಯಿಂದ ಕೈಗೆ ದಾಟಿಸಬೇಡಿ. ಹತ್ತು ರೂಪಾಯಿ ಇಲ್ಲದ ಹುಡುಗ ನಾಲ್ಕು ಜನರೆದುರು ತಲೆ ತಗ್ಗಿಸುವಂತಾದರೆ ಮುಂದಿನ ವಾರ ಅವನು ಬರುವುದಿಲ್ಲ.

ಈಗ ಓದುವ ಸಾಮಗ್ರಿಗೆ ಬರೋಣ. ಕೂಟದಲ್ಲಿ ಓದಲು ಯಾವ ಸತ್ಯವೇದವಾದರೂ ಆಗುತ್ತದೆ. ಆದರೆ ವಚನಗಳನ್ನು ಉದ್ದಕ್ಕೆ ತೆಗೆದು ಪುಸ್ತಿಕೆ ಮಾಡಿ ನೂರಾರು ಪ್ರತಿ ಹಂಚುವಾಗ ಆ ಅನುವಾದದ ಹಕ್ಕು ಯಾರದು ಎಂದು ನೋಡಬೇಕು. ಬೈಬಲ್ ಸೊಸೈಟಿಯ ಈಗಿನ ಪರಿಷ್ಕೃತ ಪಠ್ಯಕ್ಕೂ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್, ಆಡುಮಾತಿಗೆ ಹತ್ತಿರದ) ಅನುವಾದಕ್ಕೂ ಹಕ್ಕು ಇದೆ, ದೊಡ್ಡ ಪ್ರಮಾಣದಲ್ಲಿ ಅಚ್ಚು ಹಾಕಲು ಅನುಮತಿ ಕೇಳಬೇಕು. ಇಂಡಿಯನ್ ರಿವೈಸ್ಡ್ ವರ್ಷನ್, ಅಂದರೆ ಐಆರ್‌ವಿ ಕನ್ನಡ ಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಮೂಲ ಯಾವುದೆಂದು ಹೇಳಬೇಕು, ಬದಲಾವಣೆ ಮಾಡಿದ್ದರೆ ತಿಳಿಸಬೇಕು, ನೀವು ಅದರಿಂದ ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ಇಷ್ಟು ಪಾಲಿಸಿದರೆ ಕಾಸು ಕೊಡಬೇಕಾಗಿಲ್ಲ.

ಇದೇ ಬಗೆಯ ಪರವಾನಗಿಯಲ್ಲಿ ಓಪನ್ ಬೈಬಲ್ ಸ್ಟೋರೀಸ್ ಎಂಬ 50 ಕತೆಗಳ ಸರಣಿ ಕನ್ನಡದಲ್ಲೂ ಇದೆ. ಸೃಷ್ಟಿಯಿಂದ ಹೊಸ ಸೃಷ್ಟಿಯವರೆಗೆ, ಚಿತ್ರಗಳ ಸಮೇತ. ವಾರಕ್ಕೊಂದು ಕತೆ ಹಿಡಿದರೆ ಒಂದು ವರ್ಷ ಬರುತ್ತದೆ. ಇದರಲ್ಲಿ ಎಡವುವುದು ಚಿತ್ರದ ವಿಷಯದಲ್ಲಿ. ಬಣ್ಣದ ಚಿತ್ರವನ್ನು ಹಾಗೇ ಜೆರಾಕ್ಸ್ ಮಾಡಿಸಿದರೆ ಮುಖಗಳೆಲ್ಲ ಕಪ್ಪು ಮುದ್ದೆ ಆಗುತ್ತವೆ. ಮೊಬೈಲಿನಲ್ಲೇ ಚಿತ್ರವನ್ನು ಕಪ್ಪು ಬಿಳುಪು ಮಾಡಿ, ಬೆಳಕು ಹೆಚ್ಚಿಸಿ, ಆಮೇಲೆ ಒಂದೇ ಒಂದು ಪ್ರತಿ ತೆಗೆಸಿ ನೋಡಿ. ಅದು ಸರಿ ಬಂದ ಮೇಲೆ ಉಳಿದದ್ದು.

ಹಾಡುಗಳ ಬಗ್ಗೆ ಬಹಳ ಗೊಂದಲ ಇದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1964ರಲ್ಲಿ ಅಥವಾ ಅದಕ್ಕೂ ಮುಂಚೆ ತೀರಿಕೊಂಡವರ ಕೃತಿ 2025ರ ಆರಂಭಕ್ಕೆ ಎಲ್ಲರದು. ಮಂಗಳೂರಿನ ಬಾಸೆಲ್ ಮಿಷನ್ನಿನವರ ಬರಹದ ಬಹುಪಾಲು ಹೀಗೆ ನಮ್ಮ ಕೈಗೆ ಬಂದಿದೆ. ನಿಘಂಟಿನ ಕಿಟೆಲ್ 1862ರಲ್ಲೇ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಕಟ್ಟಿ ಪ್ರಕಟಿಸಿದವರು, ತೀರಿಕೊಂಡದ್ದು 1903ರಲ್ಲಿ. ಅಂಥ ಪದ್ಯವನ್ನು ಗಮಕ ಬಲ್ಲವರಿಂದ ಓದಿಸಿ ಮಕ್ಕಳಿಗೆ ಕೇಳಿಸಿ. ನಮ್ಮ ಕೈಯಲ್ಲಿ ಇಷ್ಟೆಲ್ಲ ಇದ್ದೂ ಅದು ಕಪಾಟಿನಲ್ಲೇ ಉಳಿದಿರುವುದಕ್ಕೆ ಮನಸ್ಸು ನೋಯುತ್ತದೆ. ಒಂದು ಎಚ್ಚರಿಕೆ: ಹಳೆಯ ಇಂಗ್ಲಿಷ್ ಅಥವಾ ಜರ್ಮನ್ ಕೀರ್ತನೆ ಎಲ್ಲರದಾಗಿದ್ದರೂ ಅದರ ಕನ್ನಡ ಅನುವಾದ ಈಚಿನದಾಗಿರಬಹುದು. ಅನುವಾದಕರ ಹಕ್ಕು ಬೇರೆ.

ಹಕ್ಕು ಇರುವ ನಾಟಕ, ಹಾಡುಗಳನ್ನು ಆಡಲೇಬಾರದು ಎಂದೇನೂ ಇಲ್ಲ. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ ಕಾಯಿದೆಯ 52ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಆ ವಿನಾಯಿತಿ ವೇದಿಕೆಯ ಪ್ರದರ್ಶನಕ್ಕೆ. ಅದೇ ನಾಟಕವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವುದು ಬೇರೆ ವಿಷಯ, ಅದಕ್ಕೆ ಅನುಮತಿ ಬೇಕು.

ಹಾಡಿನ ಸಾಲುಗಳನ್ನು ತೋರಿಸಲು ಪ್ರೊಜೆಕ್ಟರ್ ಬಾಡಿಗೆಗೆ ತರಬೇಡಿ. ಹಳೆಯ ಕ್ಯಾಲೆಂಡರಿನ ದೊಡ್ಡ ಹಾಳೆಗಳ ಹಿಂಬದಿ ಸಾಕು. ಐದು ಮೀಟರ್ ದೂರದವರೂ ಓದಬೇಕಾದರೆ ಅಕ್ಷರ 4 ಸೆಂಟಿಮೀಟರ್ ಎತ್ತರ ಇರಲಿ, ಸಾಲುಗಳ ನಡುವೆಯೂ ಅಷ್ಟೇ ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದಲು ಬರುವುದಿಲ್ಲ.

ಇನ್ನು ಒಂದು ಹಾಳೆಯ ಪುಸ್ತಿಕೆ. ಇದನ್ನು ಸಾವಕಾಶವಾಗಿ ಹೇಳುತ್ತೇವೆ, ಕೈಯಲ್ಲಿ ಒಂದು ಎ4 ಹಾಳೆ ಹಿಡಿದುಕೊಂಡೇ ಕೇಳಿ. ಒಂದೇ ಬದಿಗೆ ಅಚ್ಚಾದ ಒಂದು ಎ4 ಹಾಳೆಯಿಂದ ಎಂಟು ಪುಟದ ಪುಸ್ತಿಕೆ ಆಗುತ್ತದೆ. ಪಿನ್ ಬೇಡ, ಅಂಟು ಬೇಡ. ಒಂದು ಮುಖಪುಟ, ಏಳು ದಿನಕ್ಕೆ ಏಳು ಪುಟ. ಈಸ್ಟರಿಗೆ ಮುಂಚಿನ ಶ್ರಮವಾರಕ್ಕೆ, ಕ್ರಿಸ್‌ಮಸ್ಸಿಗೆ ಮುಂಚಿನ ಅಡ್ವೆಂಟಿನ ಒಂದೊಂದು ವಾರಕ್ಕೆ, ಪರೀಕ್ಷೆಯ ವಾರಕ್ಕೆ ಇದಕ್ಕಿಂತ ಹೊಂದುವ ಅಳತೆ ಇಲ್ಲ.

ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಮೇಲೆ ನಾಲ್ಕು, ಕೆಳಗೆ ನಾಲ್ಕು ಮನೆ ಬರುವಂತೆ ಗೆರೆ ಎಳೆಯಿರಿ. ಕೆಳಗಿನ ಸಾಲಿನಲ್ಲಿ ಎಡದಿಂದ ಬಲಕ್ಕೆ ಪುಟಗಳು 8, 1, 2, 3. ಮೇಲಿನ ಸಾಲಿನಲ್ಲಿ ಎಡದಿಂದ ಬಲಕ್ಕೆ 7, 6, 5, 4, ಇವು ನಾಲ್ಕೂ ತಲೆಕೆಳಗಾಗಿ ಇರಬೇಕು. 1 ಎಂದರೆ ಮುಖಪುಟ, 8 ಎಂದರೆ ಕೊನೆಯ ಪುಟ. ಪ್ರತಿ ಮನೆಯ ಸುತ್ತ ಒಂದು ಸೆಂಟಿಮೀಟರ್ ಖಾಲಿ ಬಿಡಿ, ಜೆರಾಕ್ಸ್ ಮೆಷಿನ್ ಅಂಚನ್ನು ಪೂರ್ತಿ ಹಿಡಿಯುವುದಿಲ್ಲ.

ಅಚ್ಚಾದ ಮೇಲೆ ಎಲ್ಲ ಗೆರೆಗಳ ಮೇಲೂ ಒಮ್ಮೆ ಮಡಚಿ ಬಿಚ್ಚಿ. ಈಗ ಎಡ ಅಂಚು ಬಲ ಅಂಚಿಗೆ ಸೇರುವಂತೆ ಅರ್ಧ ಮಡಚಿ. ಮಡಿಕೆ ಇರುವ ಕಡೆಯಿಂದ, ನಡುವಿನ ಅಡ್ಡಗೆರೆಯ ಮೇಲೆ, ಮೊದಲ ಉದ್ದಗೆರೆ ಸಿಗುವವರೆಗೆ ಮಾತ್ರ ಕತ್ತರಿಸಿ. ಬಿಚ್ಚಿದರೆ ಹಾಳೆಯ ನಡುವೆ ಎರಡು ಮನೆ ಉದ್ದದ ಸೀಳು ಕಾಣುತ್ತದೆ. ಅಕ್ಷರ ಹೊರಗೆ ಇರುವಂತೆ ಹಾಳೆಯನ್ನು ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ದೂಡಿ. ಸೀಳು ಅಗಲವಾಗಿ, ಮೇಲಿಂದ ನೋಡಿದರೆ ಶಿಲುಬೆಯ ಆಕಾರ ಬರುತ್ತದೆ. ನಾಲ್ಕು ಎಸಳನ್ನೂ ಒಂದೇ ಕಡೆಗೆ ಸುತ್ತಿ, ಮುಖಪುಟ ಮೇಲೆ ಬರುವಂತೆ ಒತ್ತಿ.

ಎರಡು ಕಡೆ ತಪ್ಪುತ್ತದೆ. ಮಡಿಕೆಯ ಬದಲು ತೆರೆದ ಅಂಚಿನಿಂದ ಕತ್ತರಿಸಿದರೆ ಸೀಳು ನಡುವೆ ಬೀಳದೆ ಎರಡು ಪಕ್ಕಗಳಲ್ಲಿ ಬೀಳುತ್ತದೆ, ಆ ಹಾಳೆ ಕೆಟ್ಟಂತೆ. ಎರಡನೆಯದು, ಅಡ್ಡಗೆರೆ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಪುಟಗಳು ಹೆಚ್ಚುಕಮ್ಮಿ ಅಳತೆಗೆ ಬರುತ್ತವೆ. ಅದಕ್ಕೆ ಮೊದಲು ಖಾಲಿ ಹಾಳೆಯಲ್ಲಿ ಒಂದು ಮಾಡಿ, ಪೆನ್ಸಿಲಿನಿಂದ ಪುಟದ ಅಂಕಿ ಬರೆದು, ಬಿಚ್ಚಿ ಮೂಲಪ್ರತಿಗೆ ಹೋಲಿಸಿ. ಪುಟಕ್ಕೆ ಒಂದು ವಚನ, ಒಂದು ಪ್ರಶ್ನೆ, ಆ ದಿನ ಮಾಡುವ ಒಂದು ಕೆಲಸ, ಇಷ್ಟೇ ಹಿಡಿಸುತ್ತದೆ. ಕೆಲಸ ಎಂದರೆ ಮಾಡಿದೆನೋ ಇಲ್ಲವೋ ಎಂದು ರಾತ್ರಿ ಹೇಳಲು ಬರುವಂಥದ್ದು. ‘ಎಲ್ಲರನ್ನೂ ಪ್ರೀತಿಸು’ ಎಂದು ಬರೆದರೆ ಯಾರೂ ಏನೂ ಮಾಡುವುದಿಲ್ಲ. ‘ಇವತ್ತು ಅಜ್ಜಿಯ ಹತ್ತಿರ ಹತ್ತು ನಿಮಿಷ ಮೊಬೈಲ್ ಇಲ್ಲದೆ ಕೂತುಕೋ’ ಎಂದು ಬರೆಯಿರಿ.

ಅಚ್ಚಿಗೆ ಕೊಡುವಾಗ ಇನ್ನೊಂದು ತೊಡಕು ಬರುತ್ತದೆ. ನಾವು ಮೊಬೈಲಿನಲ್ಲಿ ಟೈಪ್ ಮಾಡುವುದು ಯೂನಿಕೋಡ್ ಕನ್ನಡ. ಹಲವು ಡಿಟಿಪಿ ಅಂಗಡಿಗಳಲ್ಲಿ ಈಗಲೂ ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲೇ ಕೆಲಸ ನಡೆಯುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಪಠ್ಯ ಅಲ್ಲಿ ಅಂಟಿಸಿದರೆ ಚೌಕ ಚೌಕವಾಗಿ, ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಮತ್ತೆ ಟೈಪ್ ಮಾಡಿಸಿದರೆ ಅದಕ್ಕೆ ಬೇರೆ ಹಣ, ಹೊಸ ಅಕ್ಷರತಪ್ಪು ಬೇರೆ. ನೀವೇ ಪುಟ ಕಟ್ಟಿ ಪಿಡಿಎಫ್ ಮಾಡಿ ಕೊಡಿ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಇವು ಉಚಿತವಾಗಿ ಸಿಗುವ ಅಕ್ಷರಗಳು. 12 ಪಾಯಿಂಟಿಗಿಂತ ಚಿಕ್ಕದು ಮಾಡಬೇಡಿ, ಜೆರಾಕ್ಸಿನಲ್ಲಿ ‘ಕ್ಷ್ಮಿ’, ‘ಸ್ತ್ರೀ’ಯಂಥ ಒತ್ತುಗಳು ತುಂಬಿಹೋಗುತ್ತವೆ.

ಸತ್ಯವೇದ ಅಧ್ಯಯನಕ್ಕೆ ಪುಸ್ತಕವೇ ಬೇಕು ಎಂದಿಲ್ಲ. ಪರೀಕ್ಷೆ ಮಾಡಿ ಪಕ್ಕಾ ಆದ ಒಂದು ಕ್ರಮ ಮೂರು ಗುರುತಿನದು: ದೀಪ, ಪ್ರಶ್ನೆಚಿಹ್ನೆ, ಬಾಣ. 10ರಿಂದ 15 ವಚನದ ಒಂದು ಭಾಗ ಆರಿಸಿ. ಐದಾರು ಮಂದಿಯ ಗುಂಪು ಮಾಡಿ. ಒಬ್ಬರು ಗಟ್ಟಿಯಾಗಿ ಓದಲಿ, ಆಮೇಲೆ ಹತ್ತು ನಿಮಿಷ ಪೂರ್ತಿ ಮೌನ. ಮನಸ್ಸಿಗೆ ಹೊಳೆದ ಮಾತಿನ ಪಕ್ಕ ದೀಪ, ಅರ್ಥವಾಗದ ಕಡೆ ಪ್ರಶ್ನೆಚಿಹ್ನೆ, ಈ ವಾರ ನಾನು ಮಾಡಬೇಕಾದದ್ದು ಎನಿಸಿದ ಕಡೆ ಬಾಣ ಹಾಕುತ್ತಾರೆ. ಆಮೇಲೆ ಅರ್ಧ ಗಂಟೆ ಮಾತು, ಮೊದಲು ದೀಪಗಳು, ನಡುವೆ ಪ್ರಶ್ನೆಗಳು, ಕೊನೆಗೆ ಬಾಣಗಳು.

ಕ್ರಮ ಸುಲಭ, ಆದರೂ ಕೆಡುತ್ತದೆ. ಮುಖ್ಯ ಕಾರಣ ನಾವೇ. ಪ್ರಶ್ನೆ ಬಂದ ಕೂಡಲೇ ಅಣ್ಣನೋ ಅಕ್ಕನೋ ಉತ್ತರ ಹೇಳಿಬಿಟ್ಟರೆ ಅಲ್ಲಿಂದ ಮುಂದೆ ಮಕ್ಕಳು ಕೇಳುವವರಾಗಿ ಕೂರುತ್ತಾರೆ. ‘ಇದಕ್ಕೆ ಈ ಭಾಗದಲ್ಲೇ ಸುಳಿವು ಇದೆಯಾ, ನೋಡಿ’ ಎಂದು ಹೇಳಿ ಒಂದು ನಿಮಿಷ ಸುಮ್ಮನಿರಿ. ಆ ಒಂದು ನಿಮಿಷ ಬಹಳ ಉದ್ದ ಅನಿಸುತ್ತದೆ, ತಡೆದುಕೊಳ್ಳಿ. ಉತ್ತರ ಸಿಗದ ಪ್ರಶ್ನೆಯನ್ನು ಬರೆದಿಟ್ಟು ಸಭಾಪಾಲಕರನ್ನು ಕೇಳಿ, ಮುಂದಿನ ವಾರ ಬಂದು ಹೇಳಿ. ಮರೆತರೆ ಮತ್ತೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಬೆಂಗಳೂರು, ಮೈಸೂರಿನ ಕೂಟಗಳಲ್ಲಿ ಇನ್ನೊಂದು ಕಷ್ಟ. ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವಾಗ ತಡವರಿಸುತ್ತಾರೆ. ನಮ್ಮ ಹಳೆಯ ಸತ್ಯವೇದದ ‘ನೀವಾದರೋ’, ‘ಅದೇನಂದರೆ’ ಅವರಿಗೆ ದೂರ. ಗಟ್ಟಿಯಾಗಿ ಓದು ಎಂದು ಅಂಥ ಹುಡುಗಿಯನ್ನು ಒತ್ತಾಯಿಸಬೇಡಿ. ಮೊಬೈಲಿನ ಸತ್ಯವೇದ ಆ್ಯಪ್‌ಗಳಲ್ಲಿ ಕನ್ನಡ ಧ್ವನಿ ಉಚಿತವಾಗಿದೆ, ಮೊದಲು ಅದನ್ನು ಕೇಳಿಸಿ. ಆಮೇಲೆ ಚೆನ್ನಾಗಿ ಓದುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿ.

ಆಟಕ್ಕೆ ಲಗೋರಿ, ಕುಂಟೆಬಿಲ್ಲೆ, ಕೊಕ್ಕೊ ಇವೆ, ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಒಳಗೆ ಆಡಲು ಚೌಕಾಬಾರಾ ಬಹಳ ಒದಗುತ್ತದೆ. ಅದನ್ನು ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯಕ್ಕೆ, ಪೌಲ ಹಡಗಿನಲ್ಲಿ ರೋಮ್‌ಗೆ ಹೊರಟ ಪ್ರಯಾಣಕ್ಕೆ ಹೊಂದಿಸಬಹುದು. ನೆಲದ ಮೇಲೆ ಸೀಮೆಸುಣ್ಣದಿಂದ ಐದು ಇಂಟು ಐದು ಚೌಕ ಬರೆಯಿರಿ, ಒಟ್ಟು 25 ಮನೆ. ಹೊರಸುತ್ತು 16, ಒಳಸುತ್ತು 8, ನಡುವೆ ಒಂದು. ನಡುಮನೆ ರೋಮ್. ನಾಲ್ಕು ಪಕ್ಕಗಳ ನಡುವಿನ ಕಟ್ಟೆಮನೆಗಳಿಗೆ ಕೈಸರೈಯ, ಸೀದೋನ್, ಕ್ರೇತ, ಮಾಲ್ಟಾ ಎಂದು ಹೆಸರಿಡಿ. ನಾಲ್ಕು ಮೂಲೆಗಳು ಬಿರುಗಾಳಿ.

ಕವಡೆ ಸಿಗದಿದ್ದರೆ ನಾಲ್ಕು ಹುಣಸೆಬೀಜ ತೆಗೆದುಕೊಂಡು ಒಂದೊಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಕಾಣಿಸಿ. ಒಂದು ಬಿಳಿ ಬಿದ್ದರೆ 1, ಎರಡಕ್ಕೆ 2, ಮೂರಕ್ಕೆ 3, ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ 4, ನಾಲ್ಕೂ ಕಪ್ಪು ಬಿದ್ದರೆ ಬಾರಾ, ಅಂದರೆ 8. ಚೌಕ, ಬಾರಾಗಳಿಗೆ ಇನ್ನೊಂದು ಸಲ ಹಾಕಬಹುದು. ಇಪ್ಪತ್ತು ಮಂದಿ ಇದ್ದರೆ ಐದೈದರ ನಾಲ್ಕು ತಂಡ, ತಂಡಕ್ಕೆ ಎರಡೇ ಕಾಯಿ. ಮಾಮೂಲಿನಂತೆ ನಾಲ್ಕು ಕಾಯಿ ಕೊಟ್ಟರೆ ಆಟ ಒಂದು ಗಂಟೆ ದಾಟಿ ಪಾಠಕ್ಕೆ ಹೊತ್ತು ಉಳಿಯುವುದಿಲ್ಲ. ಮೂಲೆಗೆ ಬಿದ್ದ ತಂಡ ಆ ಅಧ್ಯಾಯದ ಒಂದು ಪ್ರಶ್ನೆಗೆ, ಪುಸ್ತಕ ತೆರೆದು ನೋಡಿ, ಒಂದು ನಿಮಿಷದೊಳಗೆ ಉತ್ತರ ಹೇಳಬೇಕು. ತಪ್ಪಿದರೆ ಒಂದು ಸರದಿ ಹೋಯಿತು.

ಒಂದು ನಿಯಮ ಬದಲಾಯಿಸಲೇಬೇಕು. ಮೂಲ ಆಟದಲ್ಲಿ ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಆ ಹಡಗಿನಲ್ಲಿ ಇದ್ದವರು 276 ಮಂದಿ, ಹಡಗು ಒಡೆದರೂ ಅಷ್ಟೂ ಮಂದಿ ದಡ ಸೇರಿದರು. ಒಬ್ಬರನ್ನು ಕಡಿದು ಇನ್ನೊಬ್ಬರು ಮುಂದೆ ಹೋಗುವುದು ಆ ಕತೆಗೆ ಒಗ್ಗುವುದಿಲ್ಲ. ಅದರ ಬದಲು ಒಂದು ಪ್ರಶ್ನೆಗಾದರೂ ಸರಿಯಾದ ಉತ್ತರ ಕೊಟ್ಟವರು ಒಳಗೆ ಹೋಗಲಿ. ಮೂಲೆಗೆ ಬೀಳದೆ ಬಂದವರನ್ನು ಒಳಗೆ ಕಾಲಿಡುವ ಮನೆಯಲ್ಲಿ ಕೇಳಿ. ಕೊನೆಯ ತಂಡದ ಕಾಯಿಯೂ ರೋಮ್ ಸೇರುವವರೆಗೆ ಆಟ ಮುಗಿಯುವುದಿಲ್ಲ, ಮುಂಚೆ ಸೇರಿದವರು ಹಿಂದಿನವರಿಗೆ ಉತ್ತರ ಹುಡುಕಲು ನೆರವಾಗಬೇಕು. ಹಡಗಿನಿಂದ ದಡಕ್ಕೆ ಹೇಗೆ ಬಂದರು ಎಂದು ಆಮೇಲೆ ಕೇಳಿ ನೋಡಿ: ಈಜಿ ಬಂದವರು ಯಾರು, ಹಲಗೆ ಹಿಡಿದು ಬಂದವರು ಯಾರು. ಮಕ್ಕಳೇ ಮಾತು ಮುಂದುವರಿಸುತ್ತಾರೆ.

ಕ್ರಿಸ್‌ಮಸ್ಸಿನಲ್ಲಿ ಹಣ ಹೆಚ್ಚು ಹೋಗುವುದು ಅಲಂಕಾರಕ್ಕೆ. ಗೋದಲಿಗೆ ಪ್ಲಾಸ್ಟಿಕ್ ಹುಲ್ಲು ಕೊಳ್ಳುವುದು ಬೇಡ, ರಾಗಿ ಬಿತ್ತಿ. ರಾತ್ರಿ ನೆನೆಸಿಟ್ಟ ರಾಗಿಯನ್ನು ಎರಡು ಸೆಂಟಿಮೀಟರ್ ಮಣ್ಣು ಹಾಕಿದ ಹಳೆ ತಟ್ಟೆಯಲ್ಲೋ ತಳಕ್ಕೆ ತೂತು ಮಾಡಿದ ತೆಂಗಿನ ಚಿಪ್ಪಿನಲ್ಲೋ ಒತ್ತಾಗಿ ಹರಡಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಎರಡು ದಿನ ಕಾಗದ ಮುಚ್ಚಿಡಿ. ಡಿಸೆಂಬರ್ 13, 14ಕ್ಕೆ ಬಿತ್ತಿದರೆ 24ರ ಸಂಜೆಗೆ ಹಸಿರು ತುಂಬಿರುತ್ತದೆ. ಮಡಿಕೇರಿಯಂಥ ಚಳಿ ಊರಿನಲ್ಲಿ ಮೂರು ದಿನ ಮುಂಚೆ ಬಿತ್ತಿ. ನೀರನ್ನು ಕೈಯಿಂದ ಚಿಮುಕಿಸಬೇಕು. ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಹರಿದು ಅಲ್ಲಿ ಬೂಸಲು ಹಿಡಿಯುತ್ತದೆ. ಮಗುವಿಗೊಂದು ಚಿಪ್ಪು ಕೊಟ್ಟು ಮನೆಗೆ ಕಳಿಸಿ, 24ಕ್ಕೆ ಎಲ್ಲರೂ ತಂದು ಜೋಡಿಸಲಿ.

ನಕ್ಷತ್ರಕ್ಕೆ ಎರಡೂವರೆ ಅಡಿಯ 10 ಬಿದಿರ ಕಡ್ಡಿ, ಅರ್ಧ ಅಡಿಗಿಂತ ಸ್ವಲ್ಪ ಗಿಡ್ಡದಾದ 5 ತುಂಡು. ಐದೈದು ಕಡ್ಡಿಯ ಎರಡು ನಕ್ಷತ್ರ ಕಟ್ಟಿ, ಐದು ತುದಿಗಳನ್ನು ಒಂದಕ್ಕೊಂದು ಬಿಗಿದು, ಒಳಗಿನ ಐದು ಸಂದಿಗಳಲ್ಲಿ ತುಂಡುಗಳನ್ನು ನಿಲ್ಲಿಸಿದರೆ ಹೊಟ್ಟೆ ಉಬ್ಬುತ್ತದೆ. ಮೈದಾ ಅಂಟಿನಿಂದ ಬಣ್ಣದ ಕಾಗದ ಹಚ್ಚಿ. ಒಳಗೆ 5 ವ್ಯಾಟಿನ ಎಲ್‌ಇಡಿ ಹಾಕಿ, ಹಳೆಯ ಬಿಸಿಯಾಗುವ ಬಲ್ಬು ಬೇಡವೇ ಬೇಡ, ಕಾಗದಕ್ಕೆ ಬೆಂಕಿ ತಗುಲುತ್ತದೆ. ಮನೆಮನೆಗೆ ಹಾಡುತ್ತ ಹೋಗುವ ಕ್ಯಾರಲ್‌ಗೆ ಧ್ವನಿವರ್ಧಕ ಒಯ್ಯುವುದಾದರೆ ಮುಂಚೆಯೇ ಅನುಮತಿ ಪಡೆಯಿರಿ, ರಾತ್ರಿ 10ಕ್ಕೆ ನಿಲ್ಲಿಸಿ.

ತಿಂಡಿಯ ಅಳತೆ ಬರೆದುಕೊಳ್ಳಿ. 30 ಮಂದಿಗೆ ಉಪ್ಪಿಟ್ಟಿಗೆ 2 ಕಿಲೋ ರವೆ, ಒಗ್ಗರಣೆ ಅವಲಕ್ಕಿಗಾದರೆ 2 ಕಿಲೋ ಗಟ್ಟಿ ಅವಲಕ್ಕಿ. ಚಹಾಕ್ಕೆ ಒಂದೂವರೆ ಲೀಟರ್ ಹಾಲು, ಅಷ್ಟೇ ನೀರು, 75 ಗ್ರಾಂ ಪುಡಿ, 300 ಗ್ರಾಂ ಸಕ್ಕರೆ. ಬೇಸಿಗೆಯಲ್ಲಿ 15 ನಿಂಬೆಹಣ್ಣು, ಅರ್ಧ ಕಿಲೋ ಬೆಲ್ಲ, ನಾಲ್ಕೂವರೆ ಲೀಟರ್ ನೀರಿನ ಪಾನಕ. ಲೋಟ ಮನೆಯಿಂದ ತರಲು ಹೇಳಿ.

ಹೊರಗಿನಿಂದ ಬರುವ ಹಣದ ವಿಷಯ. ಕರಾವಳಿಯ ಸಭೆಗಳಿಗೆ ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮವರು ಪ್ರೀತಿಯಿಂದ ಕಳಿಸುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡಿನವರೇ ಆಗಿರಲಿ, ಕಳಿಸಿದರೆ ಅದು 2010ರ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ಅಡಿ ಬರುತ್ತದೆ. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಸಂಸ್ಥೆ ಅದನ್ನು ಪಡೆಯುವಂತಿಲ್ಲ. ಕೂಟದ ಖಜಾಂಚಿ ತನ್ನ ಸ್ವಂತ ಖಾತೆಗೆ ತರಿಸಿಕೊಳ್ಳುವುದು ಇನ್ನೂ ಅಪಾಯ. ಇಂಥ ಮಾತು ಬಂದಾಗ ಸಭಾ ಸಮಿತಿಗೆ, ಧರ್ಮಪ್ರಾಂತ್ಯದ ಕಚೇರಿಗೆ ಮೊದಲು ಬರೆದು ಕೇಳಿ.

ಒಂದು ವಿಷಯದಲ್ಲಿ ಉಳಿತಾಯ ನೋಡಲೇಬೇಡಿ. 18 ತುಂಬದ ಮಕ್ಕಳನ್ನು ಹೊರಗೆ ಕರೆದೊಯ್ಯುವಾಗ ತಂದೆತಾಯಿಯ ಸಹಿ ಇರುವ ಚೀಟಿ ಇರಲಿ, ಹೆಣ್ಣುಮಕ್ಕಳಿದ್ದರೆ ಜವಾಬ್ದಾರಿಯ ಮಹಿಳೆ ಜೊತೆಯಲ್ಲಿರಲಿ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು, ಪ್ರಾರ್ಥನೆಗೇ ಆದರೂ. ಎರಡನೆಯವರು ಬರುವುದಕ್ಕೆ ಬಸ್ ಚಾರ್ಜು ಹೆಚ್ಚಾಗುತ್ತದೆ ಎಂದರೆ ಆ ಪ್ರಯಾಣವನ್ನೇ ಬಿಡಿ.

ಕೊನೆಗೆ ಮತ್ತೆ ಬೀರುವಿಗೆ. ಕೂಟದ ಪದಾಧಿಕಾರಿಗಳು ಬದಲಾದ ವರ್ಷ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ, ಹಳಬರು ಮಾಡಿಟ್ಟದ್ದು ಹೊಸಬರಿಗೆ ಗೊತ್ತಿರುವುದಿಲ್ಲ. ಅದಕ್ಕೆ ಒಂದು ರಟ್ಟಿನ ಫೈಲು ಮಾಡಿ. ಪುಸ್ತಿಕೆಗಳ ಮೂಲಪ್ರತಿ, ಚೌಕಾಬಾರಾದ ಪ್ರಶ್ನೆಚೀಟಿ, ತಿಂಡಿಯ ಅಳತೆ, ಮೂರು ತಿಂಗಳ ಹಾಳೆಗಳು, ಬೀರುವಿನ ನೋಟ್‌ಬುಕ್ ಎಲ್ಲ ಅದರಲ್ಲಿರಲಿ. ಪ್ರತಿ ಕಾರ್ಯಕ್ರಮದ ಹಾಳೆಯ ಕೆಳಗೆ ಎರಡು ಸಾಲು: ಎಷ್ಟು ಮಂದಿ ಬಂದರು, ಏನು ಕಡಿಮೆ ಬಿತ್ತು. ಪಿಡಿಎಫ್‌ಗಳನ್ನು ಒಬ್ಬರ ಮೊಬೈಲಿನಲ್ಲಿ ಮಾತ್ರ ಇಡಬೇಡಿ, ಕೂಟದ ಹೆಸರಿನಲ್ಲಿ ಒಂದು ಇಮೇಲ್ ಖಾತೆ ತೆರೆದು ಅಲ್ಲಿ ಇಡಿ, ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಸಭಾಪಾಲಕರ ಕೈಯಲ್ಲಿ ಕೊಡಿ. ಬೀರುವಿನ ಕೀಲಿ ಎರಡು ಇರಲಿ, ಯಾರ ಹತ್ತಿರ ಇವೆ ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಯಿರಿ.